ಮಗ್ಗ ನಿಂತಾಗ ಕೇಳಿದ ಬೆಕ್ಕಿನ ದನಿ

ನಾನು ಪದವಿ ಮುಗಿಸುವುದು ಆಗದ ಮಾತು ಎಂದವರು ನಮ್ಮ ದೊಡ್ಡಪ್ಪ. ಹಿಂದಿನಿಂದ ಆಡಿದ್ದಲ್ಲ, ನನ್ನೆದುರಿಗೇ, ಮಗ್ಗದ ಸದ್ದು ಮೀರಿಸಿ ಕೂಗಿ ಹೇಳಿದ್ದರು: “ಈ ಸಪ್ಪಳದಾಗ ನನಗ ನನ್ನ ಹೆಸರ ನೆನಪಿರೂದಿಲ್ಲ, ನಿನಗ ಪಾಠ ಎಲ್ಲಿ ನೆನಪಿರತಾವ? ಸುಮ್ನ ನೂಲು ಸುತ್ತು.”

ಇಚಲಕರಂಜಿ ಪಕ್ಕದ ಕೊರೋಚಿಯ ನಮ್ಮ ಮನೆಯ ಮುಂಭಾಗವೇ ವಿದ್ಯುತ್ ಮಗ್ಗದ ಶೆಡ್ಡು. ಹರೆಯದಲ್ಲೇ ಗಡಹಿಂಗ್ಲಜದಿಂದ ಬಂದ ದೊಡ್ಡಪ್ಪ ಅಲ್ಲೇ ದುಡಿದು ದುಡಿದು ಮುಕ್ಕಾಲು ಕಿವುಡರಾಗಿದ್ದರು. ಅಪ್ಪ ತೀರಿಕೊಂಡ ಮೇಲೆ ನನ್ನನ್ನೂ ಅವ್ವನನ್ನೂ ಸಾಕಿದವರೂ ಅವರೇ. ಹಾಗಾಗಿ ತಿರುಗಿ ಮಾತಾಡುವ ಹಾಗಿರಲಿಲ್ಲ. ನೂಲು ಸುತ್ತಿದೆ, ಬಿಡುವಿದ್ದಾಗ ಕಿವಿಗೆ ಹತ್ತಿ ತುರುಕಿಕೊಂಡು ಓದಿದೆ. ನಡುವೆ ಫೇಲಾದೆ, ಮತ್ತೆ ಕುಳಿತೆ. ಕೊನೆಗೆ ಇಚಲಕರಂಜಿಯ ಕಾಲೇಜಿನಲ್ಲಿ ಬಿ.ಎ. ಮುಗಿಯಿತು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ದೊಡ್ಡಪ್ಪನ ಅಕ್ಕರೆಯೆಲ್ಲ ಶೆಡ್ಡಿನ ಗಂಡು ಬೆಕ್ಕಿನ ಮೇಲೆ. ಇಲಿ ನೂಲು ಕಡಿಯದಿರಲೆಂದು ತಂದದ್ದು, ಅವರ ತಾಟಿನಲ್ಲೇ ಉಣ್ಣುವಷ್ಟು ಬೆಳೆದಿತ್ತು. ಆದರೆ ಅದರ ದನಿ ಹೇಗಿದೆಯೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಮಗ್ಗ ನಡೆಯುವ ಮನೆಯಲ್ಲಿ ಬೆಕ್ಕು ಬಾಯಿ ತೆರೆಯುವುದಷ್ಟೇ ಕಾಣುತ್ತದೆ. ತೆರೆದರೆ ಹಸಿವು ಅಂದುಕೊಳ್ಳುತ್ತಿದ್ದೆವು.

ಕಾಲೇಜಿನಲ್ಲಿ ಪದವಿ ಪ್ರದಾನವಿದ್ದ ದಿನ ಬೆಳಿಗ್ಗೆ ಸೀರೆಗೆ ಇಸ್ತ್ರಿ ಮಾಡುತ್ತಿದ್ದೆ. ಕರೆಂಟು ಹೋಯಿತು. ಮಗ್ಗಗಳು ಒಂದೊಂದಾಗಿ ನಿಂತವು. ಆಗ ಹತ್ತಿಯ ಕಸದ ರಾಶಿಯಿಂದ ಒಂದು ದನಿ ಬಂತು. ಒಳಗಿನಿಂದ ಹಿಂಡಿ ತೆಗೆದಂಥ ದನಿ. ಹೋಗಿ ನೋಡಿದರೆ ಬೆಕ್ಕು ಬೆನ್ನು ಬಾಗಿಸಿ ಕುಳಿತು ತಿಣುಕುತ್ತಿತ್ತು. ಏನೂ ಬರುತ್ತಿರಲಿಲ್ಲ. ಎದ್ದು, ಅಲ್ಲೇ ನೆಕ್ಕಿಕೊಂಡು, ಎರಡು ಹೆಜ್ಜೆ ನಡೆದು ಮತ್ತೆ ಕುಳಿತುಕೊಳ್ಳುತ್ತಿತ್ತು.

“ನಿನ್ನೆನೂ ಹಿಂಗ ಕುಂತಿತ್ತವಾ,” ಎಂದಳು ಅವ್ವ. “ಹೊಟ್ಟಿ ಕಟ್ಟೇತಿ ಅಂತ ಹರಳೆಣ್ಣಿ ಹಾಕೇನಿ.”

ಆ ಎಣ್ಣೆಯನ್ನೂ ಅದು ವಾಂತಿ ಮಾಡಿಕೊಂಡಿತ್ತು. ಹೊಟ್ಟೆ ಮುಟ್ಟಿದೆ. ಕೆಳಗೆ ಮೋಸಂಬಿಯಂಥ ಗಟ್ಟಿ ಗಂಟು ಕೈಗೆ ಸಿಕ್ಕಿತು. ಊರಲ್ಲಿ ಎಮ್ಮೆಗಳಿಗೆ ಔಷಧ ಕೊಡುವವರಿಗೆ ಫೋನು ಮಾಡಿ ಬೆಕ್ಕಿನ ಪಾಡು ಹೇಳಿದೆ.

“ಗಂಡೋ ಹೆಣ್ಣೋ?”

“ಗಂಡ್ರಿ.”

“ಉಚ್ಚಿ ನಿಂತೈತಿ ಅದರದು. ಹೊಟ್ಟಿ ಒತ್ತಾಕ ಹೋಗಬ್ಯಾಡ್ರಿ. ಸಂಜಿ ತನಕ ನೋಡೂಣು ಅನ್ನಬ್ಯಾಡ್ರಿ. ಈಗಿಂದೀಗ ಕೊಲ್ಲಾಪುರಕ್ಕ ಒಯ್ರಿ.”

ದೊಡ್ಡಪ್ಪ ಆಗಲೇ ನೂಲಿನ ಬುಟ್ಟಿಗೆ ಹಳೆಯ ಲುಂಗಿ ಹಾಸುತ್ತಿದ್ದರು. “ನೀ ನಿನ್ನ ಕಾರ್ಯಕ್ರಮಕ್ಕ ಹೋಗು. ನಾ ಒಯ್ತೇನಿ.”

“ಅಲ್ಲಿ ಡಾಕ್ಟರ್ ಏನರ ಕೇಳಿದ್ರ ನಿಮಗ ಕೇಳಸತೈತೇನು?” ಎಂದೆ.

“ಏನು?” ಎಂದರು.

ಉತ್ತರ ಅದೇ ಆಗಿತ್ತು. ಅರ್ಧ ಇಸ್ತ್ರಿಯಾದ ಸೀರೆಯನ್ನೇ ಸುತ್ತಿಕೊಂಡು, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅವರ ಬೈಕಿನ ಹಿಂದೆ ಕುಳಿತೆ. ದಾರಿಯುದ್ದಕ್ಕೂ ಬೆಕ್ಕು ಕೂಗುತ್ತಿತ್ತು, ಅವರಿಗೆ ಕೇಳುತ್ತಿರಲಿಲ್ಲ. ಕೊಲ್ಲಾಪುರ ಹತ್ತಿರವಾಗುತ್ತಿದ್ದಂತೆ ಕೂಗು ನಿಂತಿತು. ಅದು ನನಗೆ ಇನ್ನೂ ಕೆಟ್ಟದಾಗಿ ಕಂಡಿತು.

ಡಾಕ್ಟರಮ್ಮ ಮರಾಠಿಯವರು. “ಲಘವೀ ಕಧೀಪಾಸೂನ ಬಂದ ಆಹೆ?” ಉಚ್ಚೆ ಯಾವಾಗಿನಿಂದ ನಿಂತಿದೆ ಎಂದು ಕೇಳಿದರು. ನಿನ್ನೆಯಿಂದ ಇರಬೇಕು ಎಂದೆ. ಗಂಡು ಬೆಕ್ಕಿನ ಮೂತ್ರನಾಳ ಸಣ್ಣದು, ಹರಳಿನ ಪುಡಿಯೋ ಲೋಳೆಯೋ ಸಿಕ್ಕಿ ಮುಚ್ಚಿಹೋಗುತ್ತದೆ, ಆಮೇಲೆ ವಿಷವೆಲ್ಲ ರಕ್ತಕ್ಕೇರಿ ಹೃದಯವೇ ನಿಲ್ಲಬಹುದು ಎಂದರು. ತಿಣುಕುವುದನ್ನು ಕಂಡ ಕೂಡಲೇ ತರಬೇಕಿತ್ತು, ಎಣ್ಣೆ ಹಾಕುತ್ತ ಕೂರಬಾರದಿತ್ತು ಎಂದೂ ಅಂದರು. ಗದರಲಿಲ್ಲ, ದಣಿದವರ ಹಾಗೆ ಹೇಳಿದರು. ದಿನಾ ಇದನ್ನೇ ಹೇಳುತ್ತಿರಬೇಕು.

“ಏನಂತಾರ?” ದೊಡ್ಡಪ್ಪ ಮಗ್ಗದ ನಡುವೆ ನಿಂತವರಂತೆ ಕೂಗಿದರು. ಕಾಯುತ್ತಿದ್ದವರ ನಾಯಿಗಳೆಲ್ಲ ಬೊಗಳತೊಡಗಿದವು.

“ಉಚ್ಚಿ ಕಟ್ಟೇತಿ. ಮಂಪರ ಬರೂ ಮದ್ದು ಕೊಟ್ಟು ನಳಿಗಿ ಹಾಕತಾರ,” ನಾನೂ ಕೂಗಿದೆ. “ಬದಕತೈತಿ ಅಂತ ಹೇಳಾಕ ಆಗೂದಿಲ್ಲಂತ.”

ಅವರು ಒಪ್ಪಿಗೆಯ ಸಹಿಗೆಂದು ಕೊಟ್ಟ ಪೆನ್ನನ್ನು ನನ್ನ ಕಡೆ ಸರಿಸಿದರು.

ಬಾಗಿಲಾಚೆಯ ಬೆಂಚಿನ ಮೇಲೆ ಇಬ್ಬರೂ ಕುಳಿತೆವು. ಕಾಲೇಜಿನಲ್ಲಿ ಈಗ ಒಬ್ಬೊಬ್ಬರನ್ನೇ ವೇದಿಕೆಗೆ ಕರೆಯುತ್ತಿರಬಹುದು ಅನ್ನಿಸಿತು. ಅಳು ಬರಲಿಲ್ಲ, ನಿದ್ದೆ ಬಂತು. ಎಚ್ಚರಾದಾಗ ಡಾಕ್ಟರಮ್ಮ ಕರೆಯುತ್ತಿದ್ದರು. ನಳಿಕೆ ಒಳಗೆ ಹೋಗಿತ್ತು. ಚೀಲದಲ್ಲಿ ಕೆಂಪು ನೀರು ತುಂಬುತ್ತಿತ್ತು. ದೊಡ್ಡಪ್ಪ ಬಗ್ಗಿ ನಿಂತು ಆ ಚೀಲವನ್ನು ನೋಡಿದರು.

ಬೆಕ್ಕು ಕೆಲವು ದಿನ ಅಲ್ಲೇ ಉಳಿದು ಮನೆಗೆ ಬಂತು. ಅಲ್ಲಿಂದ ನನಗೆ ಹೊಸ ಕೆಲಸ ಶುರುವಾಯಿತು: ಶೆಡ್ಡಿನ ಮೂಲೆಮೂಲೆಗೆ ನೀರಿನ ಬಟ್ಟಲು ಇಡುವುದು, ಡಾಕ್ಟರಮ್ಮ ಬರೆದುಕೊಟ್ಟ ಆಹಾರಕ್ಕೆ ನೀರು ಬೆರೆಸಿ ಕೊಡುವುದು, ಉಚ್ಚೆ ಹೊಯ್ದಿತೇ ಇಲ್ಲವೇ ಎಂದು ಹತ್ತಿಯ ಕಸ ಕೆದಕಿ ನೋಡುವುದು. ಮತ್ತೊಮ್ಮೆ ತಿಣುಕತೊಡಗಿದಾಗ ದೊಡ್ಡಪ್ಪ ನನ್ನನ್ನು ಕೇಳದೆಯೇ ಮಗ್ಗ ನಿಲ್ಲಿಸಿ ಬುಟ್ಟಿ ತಂದರು. ಆ ಸಲ ಬೇಗ ಹೋದದ್ದರಿಂದ ಔಷಧದಲ್ಲೇ ಮುಗಿಯಿತು.

ಪದವಿ ಪತ್ರ ತರಲು ಆದದ್ದು ಅದಾದ ಮೇಲೆಯೇ. ಕಾಲೇಜಿನ ಕಿಟಕಿಯಲ್ಲಿದ್ದ ಗುಮಾಸ್ತರು, ಕಾರ್ಯಕ್ರಮಕ್ಕೇಕೆ ಬರಲಿಲ್ಲ ಎಂದು ಕೇಳಿದರು. “ಮಾಂಜರ ಆಜಾರೀ ಹೋತಂ,” ಬೆಕ್ಕಿಗೆ ಹುಷಾರಿರಲಿಲ್ಲ ಎಂದೆ. ಅವರು ನಕ್ಕರು. ನನಗೆ ನಗಲೂ ತ್ರಾಣವಿರಲಿಲ್ಲ. ಕಿಟಕಿಯ ಕೆಳಗಿನ ಸಂದಿಯಿಂದ ಪತ್ರ ಹೊರಗೆ ಬಂತು. ಹೂವಿಲ್ಲ, ಚಪ್ಪಾಳೆಯಿಲ್ಲ. ಆದರೂ ಅದು ನನ್ನದು.

ಮನೆಗೆ ಬಂದು ದೊಡ್ಡಪ್ಪನ ಕೈಗೆ ಕೊಟ್ಟೆ. ಅವರು ಹತ್ತಿಯ ಕಸದಿಂದ ಬೆರಳಿನ ಎಣ್ಣೆ ಒರೆಸಿಕೊಂಡು, ಪತ್ರವನ್ನು ಅಂಚಿನಲ್ಲಷ್ಟೇ ಹಿಡಿದು, ನನ್ನ ಹೆಸರಿರುವ ಸಾಲನ್ನು ತುಟಿಯಾಡಿಸಿ ಓದಿದರು. ಆಮೇಲೆ ಕಾಲಬಳಿ ಬಂದ ಬೆಕ್ಕಿನ ಕಡೆ ನೋಡಿದರು.

“ಎತ್ತರಕ್ಕ ಮೊಳಿ ಹೊಡದು ತೂಗ ಹಾಕೂಣು,” ಎಂದರು. “ಕೆಳಗಿಟ್ರ ಈ ಮಗಾ ಉಚ್ಚಿ ಹೊಯ್ತಾನ.”