ಬ್ರೇಕಿನ ಕೆಲಸ

ನನ್ನ ಹೆಂಡತಿ ಐದು ವಾರ ನಮ್ಮ ಜೀಪು ಹತ್ತಲಿಲ್ಲ. ಭಾನುವಾರ ಬೆಳಿಗ್ಗೆ ಬುಟ್ಟಿ ಹಿಡಿದು ಉರಿಗಾಂನ ನಮ್ಮ ಮನೆಯಿಂದ ಬಸ್ಸಿಗೆ ನಡೆಯುತ್ತಿದ್ದಳು. ಕ್ಯಾಸಂಬಳ್ಳಿಯಲ್ಲಿ ಇಳಿದು ಅಲ್ಲಿಂದ ಹೊಲದವರೆಗೆ ಮತ್ತೆ ನಡಿಗೆ. ಜೀಪು ಮನೆ ಮುಂದೆ ಹುಣಸೆಮರದ ಕೆಳಗೆ ನಿಂತಿರುತ್ತಿತ್ತು, ಅದರ ಪಕ್ಕದಲ್ಲಿ ಬನಿಯನ್ ಹಾಕಿಕೊಂಡು ನಾನು. ಅವಳು ನನ್ನನ್ನು ಒಮ್ಮೆ ನೋಡಿದರೆ ನೋಡಿದಳು, ಜೀಪನ್ನಂತೂ ತಿರುಗಿ ಕೂಡ ನೋಡುತ್ತಿರಲಿಲ್ಲ.

ಹಾಗೆ ನೋಡಿದರೆ ಆ ಜೀಪು ತಂದದ್ದೇ ಅವಳಿಗಾಗಿ. ತವರಿನಿಂದ ಅವಳ ಪಾಲಿಗೆ ಬಂದ ಒಂದೆಕರೆ ಹೊಲದಲ್ಲಿ ಟೊಮೇಟೊ, ಹುರುಳಿಕಾಯಿ ಹಾಕಿಸುತ್ತಾಳೆ. ಅಲ್ಲಿಗೆ ಹೋಗುವುದಕ್ಕೆ ದಾರಿ ಎಂದು ಹೆಸರು, ನಿಜಕ್ಕೂ ಅದು ನೀರು ಹರಿದು ಕೊರೆದ ಕೊರಕಲು. ಒಂದು ಮಳೆ ಬಿದ್ದರೆ ಸ್ಕೂಟರು ಹೂತುಕೊಳ್ಳುತ್ತದೆ. ಅದಕ್ಕೇ ಹರಾಜಿಗೆ ಬಂದಿದ್ದ ಹಳೇ ಜೀಪೊಂದನ್ನು, ಕೆಸರಿನಲ್ಲಿ ನಾಲ್ಕು ಚಕ್ರವೂ ಎಳೆಯುವಂಥದ್ದನ್ನು, ಹಿಡಿದು ತಂದೆ. ತಂದ ದಿನವೇ ಹೇಳಿಬಿಟ್ಟೆ: "ಇದರ ಒಂದು ನಟ್ಟನ್ನೂ ಹೊರಗಿನವರು ಮುಟ್ಟೋ ಹಾಗಿಲ್ಲ. ಎಲ್ಲಾ ನಾನೇ."

ನನ್ನ ಜಂಬಕ್ಕೆ ಕಾರಣವಿತ್ತು. ನಾನು ಇಲ್ಲಿಯ ಫ್ಯಾಕ್ಟರಿಯಲ್ಲಿ ಫಿಟ್ಟರ್. ಮಣ್ಣು ತೆಗೆಯುವ ದೊಡ್ಡ ದೊಡ್ಡ ಯಂತ್ರಗಳ ತೋಳು ಎತ್ತಿ ಇಳಿಸುವ ಹೈಡ್ರಾಲಿಕ್ ಸಿಲಿಂಡರುಗಳನ್ನು ಜೋಡಿಸುವುದು ನನ್ನ ಕೆಲಸ. ಹುಟ್ಟೂರು ಚಿತ್ರದುರ್ಗದ ಕಡೆ. ಕೆಲಸಕ್ಕೆಂದು ಬಂದು, ಇಲ್ಲಿಯವಳನ್ನೇ ಮದುವೆಯಾಗಿ, ಇಲ್ಲಿಯವನೇ ಆಗಿಹೋದೆ. ಎಣ್ಣೆಯ ಒತ್ತಡದಿಂದ ನಡೆಯುವ ಯಾವುದನ್ನಾದರೂ ಕೊಡಿ, ಕಣ್ಣು ಮುಚ್ಚಿಕೊಂಡು ಬಿಚ್ಚಿ ಕೂಡಿಸುತ್ತೇನೆ ಎಂದು ಹೇಳಿಕೊಂಡು ತಿರುಗಿದವನು ನಾನು. ಹೇಳಿಕೊಂಡು ತಿರುಗಿದ್ದೇ ಸ್ವಲ್ಪ ಹೆಚ್ಚಾಯಿತು.

ಎಂಜಿನ್ ಆಯಿಲ್ ಬದಲಾಯಿಸುವುದು, ಡೀಸೆಲ್ ಫಿಲ್ಟರ್ ತೊಳೆಯುವುದು, ಕೆಳಗೆ ಮಲಗಿ ಕೀಲುಕೀಲಿಗೂ ಗ್ರೀಸ್ ತುಂಬುವುದು, ಎಲ್ಲ ನಾನೇ ಮಾಡುತ್ತಿದ್ದೆ. ಒಂದೇ ಒಂದು ಕೆಲಸ ಹೊರಗೆ ಕೊಟ್ಟೆ. ಚಕ್ರವನ್ನು ಒಳಗಿನಿಂದ ಒತ್ತಿ ನಿಲ್ಲಿಸುವ ಬ್ರೇಕ್ ಶೂಗಳು ಸವೆದಿದ್ದವು. ಅವುಗಳ ಮೇಲೆ ಹೊಸ ಲೈನರ್ ಪಟ್ಟಿ ಕೂರಿಸಿ ರಿವೆಟ್ ಹೊಡೆಯುವ ಸಾಮಾನು ನನ್ನಲ್ಲಿರಲಿಲ್ಲ. ಬಂಗಾರಪೇಟೆ ರೈಲ್ವೆ ಸ್ಟೇಷನ್ ಕಡೆ ಒಬ್ಬ ಮೇಸ್ತ್ರಿ ಇದ್ದಾರೆ, ನನ್ನದೇ ವಯಸ್ಸು, ಮಾತು ಕಮ್ಮಿ. ಅವರ ಕೈಗೆ ಕೊಟ್ಟೆ. ಎರಡು ದಿನದಲ್ಲಿ ಮಾಡಿಕೊಟ್ಟರು.

ಅದಾಗಿ ಒಂದು ತಿಂಗಳೂ ಆಗಿರಲಿಲ್ಲ. ಹೊಲದಿಂದ ವಾಪಸ್ಸು ಬರುತ್ತಿದ್ದೆವು. ಅವಳ ತೊಡೆಯ ಮೇಲೆ ಟೊಮೇಟೊ ಬುಟ್ಟಿ. ದಾರಿಯುದ್ದಕ್ಕೂ ಗಾಡಿ ಯಾರೋ ಹಿಂದಿನಿಂದ ಹಿಡಿದುಕೊಂಡಂತೆ ಜಗ್ಗುತ್ತಿತ್ತು, ಚಕ್ರದ ಕಡೆಯಿಂದ ಸುಟ್ಟ ವಾಸನೆ ಬರುತ್ತಿತ್ತು. ನಿಲ್ಲಿಸಿ ನೋಡೋಣ ಎಂದುಕೊಳ್ಳುವಷ್ಟರಲ್ಲಿ ಚಾಂಪಿಯನ್ ರೀಫ್ಸ್ ಇಳಿಜಾರು ಬಂತು. ಕಾಲು ಒತ್ತಿದೆ. ಪೆಡಲು ಸುಮ್ಮನೆ ತಳಕ್ಕೆ ಹೋಯಿತು. ಇನ್ನೊಮ್ಮೆ ಒತ್ತಿದೆ, ಏನೂ ಇಲ್ಲ. ಗೇರು ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗಾಡಿಯನ್ನು ಪಕ್ಕದ ಸೈನೈಡ್ ಗುಡ್ಡದ ಬುಡಕ್ಕೆ ತಿರುಗಿಸಿದೆ. ಚಿನ್ನದ ಗಣಿಯವರು ಅದಿರು ಅರೆದು ಸುರಿದು ಹೋದ ಆ ಮೆತ್ತನೆ ಮಣ್ಣಿನಲ್ಲಿ ಅಚ್ಚಿನವರೆಗೆ ಹೂತು ನಿಂತಿತು.

ಇಬ್ಬರಿಗೂ ಒಂದು ತರಚು ಗಾಯವೂ ಆಗಲಿಲ್ಲ. ಅವಳು ಇಳಿದಳು. ಚೆಲ್ಲಿದ್ದ ಟೊಮೇಟೊಗಳನ್ನು ಒಂದೊಂದಾಗಿ ಆರಿಸಿ ಸೆರಗಿನಲ್ಲಿ ಒರೆಸಿ ಬುಟ್ಟಿಗೆ ಹಾಕಿಕೊಂಡಳು.

"ನಾನಿನ್ನ ಈ ಗಾಡಿ ಅತ್ತಲ್ಲ," ಅಂದಳು.

"ನನ್ನ ತಪ್ಪೇನಿದೆಯೇ? ಆ ಮೇಸ್ತ್ರಿ ಮಾಡಿದ ಕೆಲಸ ಇದು!"

"ಯಾರ್ ಮಾಡಿದ್ರೋ ನಂಗ್ ಬ್ಯಾಡ. ಅತ್ತಲ್ಲ ಅಂದ್ರೆ ಅತ್ತಲ್ಲ." ರಸ್ತೆಗೆ ಹೋಗಿ ಆಟೋ ಹತ್ತಿ ಹೋಗಿಯೇಬಿಟ್ಟಳು.

ಮಾರನೆಯ ದಿನ ಡ್ಯೂಟಿ ಮುಗಿಸಿ ನೆಟ್ಟಗೆ ಬಂಗಾರಪೇಟೆಗೆ ಹೋದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅವತ್ತಂತೂ ಮೈಯೆಲ್ಲ ಉರಿಯುತ್ತಿತ್ತು. ಮೇಸ್ತ್ರಿಯ ಶೆಡ್ಡಿನ ಎದುರು ಟೀ ಅಂಗಡಿ, ಅಲ್ಲಿ ನಮ್ಮ ಫ್ಯಾಕ್ಟರಿಯವರೇ ನಾಲ್ಕೈದು ಜನ. ಅವರೆಲ್ಲರಿಗೂ ಕೇಳುವ ಹಾಗೆ ಬಾಯಿಗೆ ಬಂದಂತೆ ಬೈದೆ.

"ನಿನ್ನ ಕೈಗೆ ಬ್ರೇಕ್ ಕೊಟ್ಟೆನಲ್ಲ, ನನಗೆ ಬುದ್ಧಿ ಇಲ್ಲ! ನನ್ನ ಹೆಂಡತಿ ಒಳಗೆ ಕೂತಿದ್ದಳು ಕಣಯ್ಯಾ! ಸತ್ತಿದ್ದರೆ ಬಂದು ಹೆಗಲು ಕೊಡ್ತಿದ್ದೆಯಾ?"

ಅವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. "ಗಾಡಿ ತಗೊಂಬನ್ನಿ ಸಾರ್, ಒಂದ್ಸಲ ನೋಡ್ತೀನಿ," ಎಂದರು. "ನೀನು ನೋಡಿದ್ದು ಸಾಕು," ಎಂದು ಬಂದುಬಿಟ್ಟೆ. ಕ್ಯಾಂಟೀನಿನಲ್ಲಿ ಇದನ್ನೇ ಒಂದು ವಾರ ಹೇಳಿದೆ. ಕೇಳಿದವರು ಛೇ ಛೇ ಎಂದರು, ನನಗೆ ಸಮಾಧಾನವಾಯಿತು.

ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದಿದ್ದೆ. ಬ್ರೇಕು ಪೂರ್ತಿ ನಾನೇ ಬಿಚ್ಚುವುದೆಂದು ಹಟ ಹಿಡಿದೆ. ಅದು ಸರಿಹೋಗುವ ತನಕ ಅವಳು ಹತ್ತುವುದಿಲ್ಲ. ಅವಳು ಹತ್ತದಿದ್ದರೆ ಆ ಜೀಪು ಇಟ್ಟುಕೊಂಡು ನಾನೇನು ಮಾಡಲಿ? ಆದರೆ ಓವರ್‌ಟೈಮ್ ಬಂತು, ಎರಡು ಭಾನುವಾರ ಹಾಗೇ ಹೋದವು. ಮೂರನೇ ಭಾನುವಾರ ಜಾಕ್ ಕೊಟ್ಟು ಚಕ್ರಗಳನ್ನು ಕಳಚಿದೆ.

ಮೊದಲು ನೋಡಿದ್ದು ಮೇಸ್ತ್ರಿಯ ಕೆಲಸ. ತಪ್ಪು ಹುಡುಕಬೇಕಿತ್ತಲ್ಲ. ಲೈನರುಗಳು ಅಚ್ಚುಕಟ್ಟಾಗಿ ಕೂತಿದ್ದವು, ರಿವೆಟುಗಳು ಒಂದೇ ಸಮ ಇಳಿದಿದ್ದವು. ಬಿಸಿಗೆ ಮೇಲ್ಮೈ ಕಪ್ಪಾಗಿತ್ತು ಅಷ್ಟೇ. ನಮ್ಮ ಫ್ಯಾಕ್ಟರಿಯಲ್ಲಾಗಿದ್ದರೆ ಇನ್‌ಸ್ಪೆಕ್ಷನ್ನಿನವರು ಕಣ್ಣು ಮುಚ್ಚಿಕೊಂಡು ಪಾಸ್ ಮಾಡುತ್ತಿದ್ದರು. ಆಮೇಲೆ ಪೆಡಲಿನ ಒತ್ತಡವನ್ನು ನಾಲ್ಕೂ ಚಕ್ರಕ್ಕೆ ಕಳಿಸುವ ಮಾಸ್ಟರ್ ಸಿಲಿಂಡರನ್ನು ಬಿಚ್ಚಿದೆ. ಒಳಗಿನ ರಬ್ಬರ್ ವಾಷರುಗಳು ನೆನೆಹಾಕಿದ ಕಡಲೆಯ ಹಾಗೆ ಊದಿಕೊಂಡಿದ್ದವು. ಬೆರಳಲ್ಲಿ ಹಿಸುಕಿದರೆ ಅಂಟು ಅಂಟು. ಮೂಗಿನ ಹತ್ತಿರ ಹಿಡಿದೆ.

ಆ ವಾಸನೆ ನನ್ನ ಡ್ಯೂಟಿ ಅಂಗಿಯ ವಾಸನೆ. ಹೈಡ್ರಾಲಿಕ್ ಎಣ್ಣೆ.

ಮೇಸ್ತ್ರಿ ಗಾಡಿ ಕೊಟ್ಟ ನಾಲ್ಕನೇ ದಿನವೋ ಐದನೇ ದಿನವೋ ಬಾನೆಟ್ ಎತ್ತಿದ್ದೆ. ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಬೆರಳಗಲ ಕಡಿಮೆ ಕಂಡಿತ್ತು. ಜಾಕಿಗೆ ಹಾಕಲೆಂದು ತಂದಿಟ್ಟಿದ್ದ ಎಣ್ಣೆ ಕೈಗೆ ಸಿಕ್ಕಿತು. ಬ್ರೇಕೂ ಹೈಡ್ರಾಲಿಕ್, ಜಾಕೂ ಹೈಡ್ರಾಲಿಕ್, ಒಂದಿಷ್ಟು ಸುರಿದು ಮುಚ್ಚಳ ಹಾಕಿ ಮರೆತೇಬಿಟ್ಟಿದ್ದೆ. ಬ್ರೇಕಿನ ಎಣ್ಣೆಯೇ ಬೇರೆ, ಅದರ ರಬ್ಬರೇ ಬೇರೆ. ಈ ಎಣ್ಣೆ ತಾಗಿದರೆ ಆ ರಬ್ಬರು ಊದಿಕೊಂಡು ಬ್ರೇಕು ಮೊದಲು ಕಚ್ಚಿ ಹಿಡಿಯುತ್ತದೆ, ಆಮೇಲೆ ಕೈಕೊಡುತ್ತದೆ. ಸ್ಕೂಟರ್ ರಿಪೇರಿ ಮಾಡುವವರಿಗೂ ಗೊತ್ತಿರುವ ಸಂಗತಿ ಇದು. ಇಷ್ಟು ವರ್ಷ ಇದೇ ಎಣ್ಣೆಯಲ್ಲಿ ಕೈ ಅದ್ದಿದವನಿಗೆ ಅವತ್ತು ತೋಚಲಿಲ್ಲ. ಥೂ, ನನ್ನ ಬುದ್ಧಿಗಿಷ್ಟು!

"ಏನಾಗಿತ್ತಂತೆ?" ಎಂದು ಅವಳು ಬಾಗಿಲಿಂದ ಕೇಳಿದಳು.

"ರಬ್ಬರ್ ಹೋಗಿತ್ತು," ಎಂದೆ. ಅಷ್ಟಕ್ಕೇ ನಿಲ್ಲಿಸಿದೆ. ಉಗುಳು ನುಂಗಿದ ಹಾಗೆ ಉಳಿದದ್ದನ್ನು ನುಂಗಿದೆ.

ಎಲ್ಲ ರಬ್ಬರುಗಳನ್ನೂ ಹೋಸ್ ಪೈಪುಗಳನ್ನೂ ಹೊಸದು ತಂದೆ. ಕಬ್ಬಿಣದ ಪೈಪುಗಳನ್ನು ಸ್ಪಿರಿಟ್ ಹಾಕಿ ತೊಳೆದು, ಗಾಳಿ ಊದಿ ಒಣಗಿಸಿದೆ. ಮತ್ತೆರಡು ವಾರ ಸಂಜೆ ಸಂಜೆ ಅದೇ ಕೆಲಸ. ಕೈ ಕೆಲಸ ಮಾಡುತ್ತಿತ್ತು, ತಲೆಯಲ್ಲಿ ಮೇಸ್ತ್ರಿಯ ಮುಖ. ನಾಳೆ ಹೋಗಿ ಹೇಳಿಬಿಡೋಣ ಎಂದುಕೊಳ್ಳುತ್ತಿದ್ದೆ. ನಾಳೆ ಬಂದರೆ, ಈಗ ಹೇಳಿದರೆ ಫ್ಯಾಕ್ಟರಿಯಲ್ಲಿ ನನ್ನ ಮಾನ ಏನಾದೀತು ಎಂದು ಸುಮ್ಮನಾಗುತ್ತಿದ್ದೆ. ಹೇಡಿತನ ಅಂದರೆ ಇದೇ, ಬೇರೆ ಹೆಸರು ಇಲ್ಲ.

ಕೊನೆಗೆ ಉಳಿದದ್ದು ಪೈಪಿನೊಳಗೆ ಸೇರಿದ ಗಾಳಿ ತೆಗೆಯುವುದು. ಅದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹಿಂದಿನ ನಿಪ್ಪಲ್ ಸಡಿಲಿಸಿ ಗಾಳಿ ಬಿಟ್ಟು ಮತ್ತೆ ಬಿಗಿ ಮಾಡಬೇಕು. ಪೆಡಲಿಗೆ ಮರದ ತುಂಡು ಕೊಟ್ಟು ನೋಡಿದೆ, ಜಾರಿ ಬಿತ್ತು. ಅವಳು ಜಗುಲಿ ಮೇಲೆ ಸೊಪ್ಪು ಬಿಡಿಸುತ್ತಿದ್ದಳು.

"ಒಂದ್ ಚೂರು ಬಂದು ಪೆಡಲ್ ಒತ್ತೇ."

"ಅತ್ತಲ್ಲ ಅಂದಿದೀನಿ."

"ಗಾಡಿ ಎಲ್ಲಿಗೂ ಹೋಗಲ್ಲ ಮಾರಾಯ್ತಿ! ಚಕ್ರಕ್ಕೆ ಕಲ್ಲು ಕೊಟ್ಟಿದ್ದೀನಿ."

ಬಂದಳು. ಆದರೆ ಕೂರಲಿಲ್ಲ. ಒಂದು ಕಾಲು ನೆಲದ ಮೇಲೆ ಊರಿ, ಸ್ಟೇರಿಂಗ್ ಹಿಡಿದುಕೊಂಡು, ಇನ್ನೊಂದು ಕಾಲನ್ನು ಮಾತ್ರ ಒಳಗಿಟ್ಟು ಪೆಡಲ್ ತುಳಿದಳು. ಹಟ ಅಂದರೆ ಹಟ. ನಾನು ಹಿಂದಿನ ಚಕ್ರದ ಹತ್ತಿರ ಮಲಗಿದೆ. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ನೆಲದ ಮೇಲಿದ್ದ ಅವಳ ಪಾದ ಮಾತ್ರ.

"ಒತ್ತು."

"ಒತ್ತಿದೀನಿ."

"ಹಾಗೇ ಹಿಡಿ." ನಿಪ್ಪಲ್ ಸಡಿಲಿಸಿದರೆ ಪ್ಲಾಸ್ಟಿಕ್ ಕೊಳವೆಯಲ್ಲಿ ಗುಳ್ಳೆಗಳು ಬುಳುಬುಳು ಬಂದವು. ಬಿಗಿ ಮಾಡಿ, "ಬಿಡು," ಎಂದೆ. ಹೀಗೇ ಹತ್ತು ಹದಿನೈದು ಸಲ. ಅವಳು ಬೇಸರಿಸಲಿಲ್ಲ, ನಾನು ಹೇಳಿದ್ದಕ್ಕಿಂತ ಒಂದು ಚೂರು ಹೆಚ್ಚು ಹೊತ್ತೇ ಹಿಡಿಯುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಮುಖ ಕಾಣುತ್ತಿರಲಿಲ್ಲವಲ್ಲ, ಅದೂ ಒಂದು ಧೈರ್ಯ.

"ಅವತ್ತು ಬ್ರೇಕ್ ಹೋಗಿದ್ದು ಮೇಸ್ತ್ರಿಯಿಂದ ಅಲ್ಲ," ಎಂದೆ. "ನನ್ನಿಂದ. ಜಾಕಿನ ಎಣ್ಣೆ ತಂದು ಬ್ರೇಕಿಗೆ ಸುರಿದಿದ್ದೆ. ಅದಕ್ಕೇ ರಬ್ಬರೆಲ್ಲ ಹೋಯಿತು."

ಪಾದ ಅಲ್ಲಾಡಲಿಲ್ಲ.

"ಈಗ ಬಿಡ್ಲಾ, ಇಡ್ಕೊಂಡೇ ಇರ್ಲಾ?" ಅಂದಳು.

"ಬಿಡು."

"ಯಾವಾಗ್ ಗೊತ್ತಾಯ್ತು?"

"ಎರಡು ವಾರ ಆಯ್ತು."

"ಎಲ್ಡು ವಾರ! ಆವಯ್ಯನ್ಗೆ ಯೋಳಿದ್ರಾ?"

"ಇಲ್ಲ."

"ನಂಗೂ ಯೋಳಿಲ್ಲ." ಈಗ ದನಿ ಏರಿತು. "ಊರ್ಗೆಲ್ಲ ಕೇಳೋ ಅಂಗೆ ಬೈದ್ ಬಂದ್ರಲ್ರೀ, ನಾಚ್ಕೆ ಆಗಲ್ವಾ? ಅಷ್ಟೇ ಜೋರಾಗಿ ಓಗಿ ತಪ್ಪು ನಂದೂ ಅಂತ ಯೋಳಿ. ಆಮ್ಯಾಕೆ ನೋಡಾನ, ಗಾಡಿ ಅತ್ತೋದಾ ಬ್ಯಾಡ್ವಾ ಅಂತ."

"ಹೇಳ್ತೀನಿ."

"ನಾನೂ ಬತ್ತೀನಿ. ನೀವು ಗಾಡೀಲಿ ಬನ್ನಿ, ನಾನು ಬಸ್ಸಾಗೆ ಬತ್ತೀನಿ."

ಉಳಿದ ಚಕ್ರಗಳ ಕೆಲಸ ಮುಗಿಯುವ ತನಕ ಅವಳು ಪೆಡಲ್ ತುಳಿದಳು. ಆಮೇಲೆ ಸೀರೆ ಬದಲಾಯಿಸಿಕೊಂಡು ಬಸ್ಸಿಗೆ ಹೋದಳು. ನಾನು ಮನೆ ಸುತ್ತ ಹತ್ತು ಸಲ ಬ್ರೇಕ್ ಹಾಕಿ ನೋಡಿ, ಬಂಗಾರಪೇಟೆ ರಸ್ತೆಗೆ ಬಿದ್ದೆ. ಪೆಡಲ್ ಕೊಂಚ ಮೆತ್ತಗಿತ್ತು, ಆದರೂ ಗಾಡಿ ನಿಲ್ಲುತ್ತಿತ್ತು. ಎತ್ತಿನ ಗಾಡಿಯ ಹಾಗೆ ನಿಧಾನ ಹೋದೆ. ಅರ್ಧ ದಾರಿಯಲ್ಲಿ ಅವಳ ಬಸ್ಸು ನನ್ನನ್ನು ದಾಟಿಕೊಂಡು ಹೋಯಿತು.

ನಾನು ಮುಟ್ಟುವಾಗ ಅವಳು ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದಳು. ಮೇಸ್ತ್ರಿ ಒಂದು ಆಟೋದ ಎಂಜಿನ್ ಬಿಚ್ಚಿಕೊಂಡು ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು, ಎಲ್ಲಿ ಮತ್ತೆ ಬೈಗುಳವೋ ಎನ್ನುವ ಹಾಗೆ. ನಾನು ಹತ್ತಿರ ಹೋಗಿ ಮೆಲ್ಲಗೆ ಶುರು ಮಾಡಿದೆ. ಹಿಂದಿನಿಂದ ದನಿ ಬಂತು: "ರೀ, ಇಲ್ಲಿಗೆ ಕೇಳಿಸ್ತಾ ಇಲ್ಲ."

ದನಿ ಏರಿಸಿದೆ. "ಮೇಸ್ತ್ರೀ, ನಿಮ್ಮ ಕೆಲಸ ಸರಿಯಾಗೇ ಇತ್ತು. ಬ್ರೇಕಿಗೆ ಬೇರೆ ಎಣ್ಣೆ ಹಾಕಿ ಕೆಡಿಸಿದ್ದು ನಾನು. ಬೈದದ್ದು ತಪ್ಪಾಯ್ತು, ಕ್ಷಮಿಸಿ!" ಟೀ ಕುಡಿಯುತ್ತಿದ್ದವರು ತಿರುಗಿ ನೋಡಿದರು.

ಮೇಸ್ತ್ರಿ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತಾ ನಿಂತರು. "ನಿಜವಾ ಸಾರ್?" ಎಂದರು. "ನೀವು ಬೈದ್ ಮ್ಯಾಲೆ ನಾನು ಬ್ರೇಕ್ ಕೆಲ್ಸ ಮುಟ್ಟೇ ಇಲ್ಲ. ಬಂದವ್ರನ್ನೆಲ್ಲ ಬ್ಯಾರೆ ಕಡೆ ಕಳಿಸ್ತಾ ಇವ್ನಿ. ಅಕ್ಕ ಗಾಡೀಲಿದ್ರು ಅಂದ್ರಲ್ಲ ಸಾರ್... ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ ಯೋಚ್ನೆ ಮಾಡಿ ಮಾಡಿ ಸಾಕಾಗೋಯ್ತು. ಗೊತ್ತಾಗ್ಲೇ ಇಲ್ಲ. ನಿಮ್ಮಂಥ ಫ್ಯಾಕ್ಟ್ರಿಯವ್ರು ಯೋಳಿದ ಮ್ಯಾಲೆ ನಂದೇ ತಪ್ಪಿರ್ಬೇಕು ಅಂದ್ಕೊಂಡೆ."

ಅವರು ಒಂದೇಟು ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು. ನಾನು ಅವರಿಗೆ ನಾಲ್ಕು ಮಾತು ಬೈದಿದ್ದೇನೆ, ಅಷ್ಟೇ ಎಂದುಕೊಂಡಿದ್ದೆ. ಕಲಿತ ಕೆಲಸವನ್ನೇ ಅವರ ಕೈಯಿಂದ ಕಿತ್ತುಕೊಂಡಿದ್ದೆ. ಕಣ್ಣು ತುಂಬಿ ಬಂತು. "ಇದನ್ನೊಂದು ಸಲ ನೋಡಿ ಮೇಸ್ತ್ರೀ. ನೀವು ನೋಡಿ ಸರಿಯಿದೆ ಅಂದರೇನೇ ಇವಳನ್ನ ಕೂರಿಸ್ಕೊಂಡು ಹೋಗ್ತೀನಿ," ಎಂದೆ.

ಅವರು ಬೇಡ ಸಾರ್ ಬೇಡ ಎಂದು ಹಿಂದೆ ಸರಿದರು. ಅಷ್ಟರಲ್ಲಿ ಅವಳು ಬೆಂಚಿನಿಂದ ಎದ್ದು ಬಂದಳು. ನನ್ನ ಕಡೆ ನೋಡದೆ ಜೀಪು ಹತ್ತಿ ಡ್ರೈವರ್ ಸೀಟಿನಲ್ಲಿ ಕೂತು, "ಬಾಣ್ಣಾ, ನಾನು ಪೆಡಲ್ ಒತ್ತೀನಿ. ನೀನು ನೋಡು," ಎಂದಳು.

ಮೇಸ್ತ್ರಿ ಗೋಣಿತಾಟು ಹಾಸಿ ಗಾಡಿ ಕೆಳಗೆ ಸರಿದರು. ಮೊದಲು ನಿಪ್ಪಲಿಗೆ ಸ್ಪ್ಯಾನರ್ ಇಟ್ಟು, ತೆಗೆದು, ಮತ್ತೆ ಇಟ್ಟರು. ಒಂದು ಚಕ್ರವಾಯಿತು, ಎರಡಾಯಿತು, "ಒತ್ತಕ್ಕಾ," "ಬಿಡಕ್ಕಾ" ಎನ್ನುವ ದನಿ ಗಟ್ಟಿಯಾಗುತ್ತಾ ಬಂತು. ನಾನು ಕುಕ್ಕರುಗಾಲಿನಲ್ಲಿ ಕೂತು ಕೇಳಿದ್ದನ್ನು ಎತ್ತಿಕೊಡುತ್ತಿದ್ದೆ. ಮುಂದಿನ ಎಡ ಚಕ್ರಕ್ಕೆ ಬಂದಾಗ ಕೊಳವೆಯಲ್ಲಿ ಗುಳ್ಳೆಗಳ ಸಾಲೇ ಎದ್ದಿತು.

"ಅಯ್ಯೋ, ಇಷ್ಟೊಂದ್ ಏರ್ ಬಿಟ್ಟವ್ರಲ್ಲ! ಯಾರಿದು ಈ ಕೆಲ್ಸ ಮಾಡಿದ್ದು?" ಎಂದು ಮೇಸ್ತ್ರಿ ಕೆಳಗಿನಿಂದ ರೇಗಿದರು.

"ನಾನೇ," ಎಂದೆ, ಟೀ ಅಂಗಡಿಯವರೆಗೂ ಕೇಳುವಂತೆ.