ಹೆಸರಿಲ್ಲದ ಆರು ಗೂಡ್ಸ್ ಡಬ್ಬಿಗಳು

ಈಗಲೂ ಮಧ್ಯಾಹ್ನ ಊಟ ಮುಗಿಸಿ ಕಣ್ಣು ಮುಚ್ಚಿದರೆ ಗೂಡ್ಸ್ ಗಾಡಿಯೊಂದು ಸದ್ದಿಲ್ಲದೆ ಹೊರಡುತ್ತದೆ. ಮೊದಲು ಒಂದು ಗಾಲಿ, ಆಮೇಲೆ ಅದರ ಹಿಂದಿನದು. ಎರಡರ ನಡುವಿನ ಸಂದಿಯಲ್ಲಿ ಹಸಿರು ಸೀರೆಯ ಅಂಚು. ಕೂಗಬೇಕು ಅಂದುಕೊಳ್ಳುತ್ತೇನೆ, ಬಾಯಿ ತೆರೆಯುವುದಿಲ್ಲ. ಗಾಡಿ ಬಿಸಿಲಿನಲ್ಲಿ ತೇಲಿದಂತೆ ಸಾಗುತ್ತಲೇ ಇರುತ್ತದೆ. ನಿಜಕ್ಕೂ ಅವತ್ತು ಅದು ಸಾಗಿದ್ದು ಮೂರು ಡಬ್ಬಿಗಳಷ್ಟು ದೂರ ಮಾತ್ರ.

ನಾನು ರಾಯಚೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಪುಟ್ಟ ಮಾದರಿ ರೈಲುಗಳನ್ನು ಕೂಡಿಡುವುದು ನನ್ನ ಚಟ. ಅದರಲ್ಲೂ ಗುರುತು ಅಳಿಸಿಹೋದ, ಹೆಸರಿಲ್ಲದ ಗೂಡ್ಸ್ ಡಬ್ಬಿ ಕೈಗೆ ಬಂದರೆ ಅದನ್ನು ಯಾರು ಮಾಡಿದ್ದೆಂದು ಹುಡುಕುವವರೆಗೆ ಸಮಾಧಾನವಿಲ್ಲ. ನಮ್ಮಂಥವರ ಮೊದಲ ಕೆಲಸ ಒಂದೇ: ಡಬ್ಬಿಯನ್ನು ಅಂಗೈಯಲ್ಲಿ ಬೋರಲು ಹಾಕುವುದು. ಮೇಲಿನ ಬಣ್ಣ ಸುಳ್ಳು ಹೇಳಬಹುದು, ಹೊಟ್ಟೆ ಹೇಳುವುದಿಲ್ಲ. ಕೊಂಡಿ ಯಾವ ಥರದ್ದು, ಗಾಲಿ ಕೂಡಿಸಿದ್ದು ತಿರುಪಿನಿಂದಲೋ ಮೊಳೆಯಿಂದಲೋ, ಅಚ್ಚಿನಿಂದ ಹೊರತಳ್ಳುವಾಗ ಬಿದ್ದ ಸಣ್ಣ ದುಂಡು ಕಲೆಗಳು ಎಲ್ಲಿವೆ, ಇಷ್ಟು ನೋಡಿದರೆ ಕಂಪನಿ ತಿಳಿಯುತ್ತದೆ.

ಇದನ್ನು ಯಾರಿಂದಲೋ ಕೇಳಿಕೊಂಡು ಮಾನ್ವಿಯಿಂದ ಒಬ್ಬ ಹೆಣ್ಣುಮಗಳು ನಮ್ಮ ಮನೆಗೆ ಬಂದರು. ಅರವತ್ತು ದಾಟಿದ, ಸಣ್ಣ ಮೈಯ ಹೆಂಗಸು. ಚೀಲದಲ್ಲಿ ಹಳೆಯ ಕುಪ್ಪಸದ ಬಟ್ಟೆಗಳಲ್ಲಿ ಸುತ್ತಿದ ಆರು ಡಬ್ಬಿಗಳಿದ್ದವು. ತೀರಿಹೋದ ಅವರ ಗಂಡ ದೇವದುರ್ಗದ ಶಾಲೆಯೊಂದರಲ್ಲಿ ಕೈಕೆಲಸ ಕಲಿಸುವ ಮಾಸ್ತರರಾಗಿದ್ದರಂತೆ. ದೇವದುರ್ಗಕ್ಕೆ ರೈಲಿಲ್ಲ. ರೈಲು ಕಾಣದ ಮಕ್ಕಳಿಗೆ ತೋರಿಸಲೆಂದು ಶಾಲೆಯ ಕೋಣೆಯಲ್ಲೇ ಕೂತು ಅವನ್ನು ಮಾಡಿದ್ದಾಗಿ ಹೆಂಡತಿಗೆ ಹೇಳಿದ್ದರು. ಈಗ ಶಾಲೆಯವರು ಅವನ್ನು ಗಾಜಿನ ಕಪಾಟಿನಲ್ಲಿ ಇಡುವವರಿದ್ದರು. ಅಷ್ಟರಲ್ಲಿ ಹಳೆಯ ಮಾಸ್ತರೊಬ್ಬರು, ಅವು ಹೈದರಾಬಾದಿನ ಅಂಗಡಿಯಿಂದ ತಂದವು ಎಂದುಬಿಟ್ಟರು. ಖಾತ್ರಿಯಾಗದೆ ಯಾರ ಹೆಸರೂ ಬರೆಯುವುದಿಲ್ಲವೆಂದು ಹೆಡ್ ಮಾಸ್ತರರು ಹೇಳಿ ಕಳಿಸಿದ್ದರು.

"ಖರೆ ಇದ್ದದ್ದು ಹೇಳ್ರಿ ಸರ," ಅಂದರು ಆಕೆ. "ಅವರು ಮಾಡಿದ್ದಲ್ಲ ಅಂದ್ರೂ ಹೇಳ್ರಿ. ಇಷ್ಟು ವರ್ಷ ಅಂಗಡಿ ಸಾಮಾನಿನ ಧೂಳಾ ಒರಸೀನಿ ಅಂದ್ಕೋತೀನಿ."

ಒಂದು ವಾರ ಆ ಡಬ್ಬಿಗಳು ನನ್ನ ಮೇಜಿನ ಮೇಲೆ ಬೋರಲು ಬಿದ್ದಿದ್ದವು. ಅಚ್ಚಿನ ಕಲೆ ಇಲ್ಲ. ಇರುಸು ಕೊಡೆಯ ಕಡ್ಡಿಯದು, ಮೈ ಎಣ್ಣೆ ಡಬ್ಬಿಯ ತಗಡಿನದು. ಕೈಯಲ್ಲಿ ಮಾಡಿದ್ದು ನಿಜ. ಆದರೆ ಯಾರ ಕೈ? ಕೈಯಲ್ಲಿ ಮಾಡಿದ್ದನ್ನೂ ಅಂಗಡಿಯವರು ಮಾರುತ್ತಾರೆ. ಒಂದು ಸಂಗತಿ ಮಾತ್ರ ನನಗೆ ಬಿಡಿಸಲಾಗಲಿಲ್ಲ. ಆರೂ ಡಬ್ಬಿಗಳ ಅಡಿಯಲ್ಲಿ, ಬ್ರೇಕಿನ ಕಡ್ಡಿಯ ಕೆಳಗೆ, ಅರ್ಧ ಬಳೆಯಂಥ ತೆಳು ಪಟ್ಟಿಯಿತ್ತು. ನನ್ನ ಹತ್ತಿರವಿದ್ದ ಯಾವ ಡಬ್ಬಿಗೂ ಅದಿರಲಿಲ್ಲ.

ಸ್ಟೇಷನ್ ಹತ್ತಿರ ನನಗೆ ಪರಿಚಯದ ಒಬ್ಬ ಹಿರಿಯರಿದ್ದಾರೆ. ಗೂಡ್ಸ್ ವ್ಯಾಗನ್‌ಗಳ ಗಾಲಿ, ಬ್ರೇಕು ತಪಾಸಣೆ ಮಾಡುತ್ತಲೇ ನಿವೃತ್ತರಾದವರು. ನಾನೂ ಆಕೆಯೂ ಅವರಲ್ಲಿಗೆ ಹೋದೆವು. ದೊಡ್ಡ ಕಾಲೇಜಿನ ಸಾಹೇಬರು ಆಟಿಗಿ ಸಾಮಾನು ಹಿಡಿದು ಓಣಿ ತಿರುಗುತ್ತಿದ್ದಾರೆಂದು ಅವರು ನನ್ನನ್ನು ಕಾಡಿದರು. ಡಬ್ಬಿಯನ್ನು ಬೋರಲು ಹಾಕಿದ ಮೇಲೆ ನಗು ನಿಂತಿತು.

"ಕಡ್ಡಿ ಮುರದ್ರ ಹಳಿ ಮ್ಯಾಲ ಬೀಳಬಾರದು ಅಂತ ಹಾಕೋ ಪಟ್ಟಿ ಇದು. ಅಂಗಡ್ಯಾಂವ ಇದನ್ನ ಮಾಡಂಗಿಲ್ರಿ. ಗಾಡಿ ಕೆಳಗ ಹೋಗಿ ಬಂದಾಂವ ಅಷ್ಟ ಮಾಡ್ತಾನ."

ಆಕೆಯ ಮುಖ ಇಳಿಯಿತು. ತಮ್ಮ ಗಂಡ ರೈಲ್ವೆಯಲ್ಲಿ ಒಂದು ದಿನವೂ ಕೆಲಸ ಮಾಡಿದವರಲ್ಲ, ಹಾಗಾದರೆ ಇದು ಬೇರೆ ಯಾರದೋ ಕೈ ಎಂದರು. ಆಮೇಲೆ ಆ ಪಟ್ಟಿಯನ್ನು ನಿಜವಾದ ವ್ಯಾಗನ್ನಿನಲ್ಲಿ ಒಮ್ಮೆ ನೋಡಬೇಕು ಎಂದು ಕೇಳಿದರು.

ಭಾನುವಾರ ಬೆಳಿಗ್ಗೆ ಮೂವರೂ ಊರ ಹೊರಗೆ ಗೂಡ್ಸ್ ವ್ಯಾಗನ್‌ಗಳನ್ನು ತಂದು ನಿಲ್ಲಿಸುವ ಪಕ್ಕದ ಹಳಿಗೆ ಹೋದೆವು. ವ್ಯಾಗನ್‌ಗಳು ಮಲಗಿದ ದನಗಳಂತೆ ಉದ್ದಕ್ಕೆ ನಿಂತಿದ್ದವು. ಬಿಸಿಲು ಇನ್ನೂ ಹಳದಿಯಾಗಿತ್ತು. ಗಾಳಿಯಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು. ಹಿರಿಯರು ಈ ತುದಿಗೆ ನಡೆದುಹೋಗಿ ನೋಡಿ ಬಂದು, ಎಂಜಿನ್ ಇಲ್ಲ ಅಂದರು. ಆ ತುದಿ ಜಾಲಿ ಗಿಡಗಳ ಹಿಂದೆ ತಿರುವಿನಲ್ಲಿತ್ತು. ಅಲ್ಲಿಗೆ ನಾವು ಯಾರೂ ಹೋಗಲಿಲ್ಲ.

ಆಕೆ ಕೂತು ಇಣುಕಿದರು. ಕಾಣುತ್ತಿಲ್ಲ ಅಂದರು. ಆಗ ನಾನು ಹೇಳಿದ ಮಾತು ಇದು: "ಇನ್ನೂ ಸ್ವಲ್ಪ ಒಳಗ ಹೋಗಿ ನೋಡ್ರಿ ಅಮ್ಮಾರ."

ಎಷ್ಟೋ ವರ್ಷ ಡಬ್ಬಿಗಳನ್ನು ಅಂಗೈಯಲ್ಲಿ ತಿರುಗಿಸಿದ ನನಗೆ ಎದುರಿನದೂ ಒಂದು ದೊಡ್ಡ ಮಾದರಿಯಾಗಿ ಕಂಡಿತ್ತು. ಅದು ಸ್ವಂತ ಭಾರದಿಂದ, ಯಾರದೋ ಕೈ ಸನ್ನೆಯಿಂದ ಚಲಿಸುವ ವಸ್ತು ಎಂಬುದೇ ಮರೆತುಹೋಗಿತ್ತು. ಆಕೆ ಹಳಿ ದಾಟಿ ಒಳಗೆ ಸರಿದರು.

ದೂರದಲ್ಲಿ, ಜಾಲಿ ಗಿಡಗಳ ಹಿಂದಿನ ಆ ತುದಿಯಲ್ಲಿ, ಕೊಂಡಿಗಳು ಜಗ್ಗಿದ ಸದ್ದು. ಎಂಜಿನ್ ಅಲ್ಲಿತ್ತು. ಸದ್ದು ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ದಾಟುತ್ತಾ ನಮ್ಮ ಕಡೆ ಬಂತು. ನಾನು ಸದ್ದು ಬಂದ ಕಡೆಗೇ ನೋಡುತ್ತಾ ನಿಂತೆ. ಹಿರಿಯರು ಮಾತ್ರ ಮೊಣಕಾಲೂರಿ, ಮಗುವನ್ನು ಮಲಗಿಸುವ ದನಿಯಲ್ಲಿ ಹೇಳಿದರು:

"ತಂಗೀ, ಏಳಬ್ಯಾಡ. ಅಂಗಾತ ಮಲ್ಕೋ. ಕೈ ಎದಿ ಮ್ಯಾಲ ಇಟ್ಕೋ."

ಮೂರು ಡಬ್ಬಿಗಳು ಆಕೆಯ ಮೇಲೆ ಹಾದುಹೋದವು. ಆಮೇಲೆ ಎಲ್ಲವೂ ನಿಂತಿತು. ನಾವು ಆಕೆಯನ್ನು ಎಳೆದುಕೊಂಡಾಗ ಮೈಮೇಲೆ ಒಂದು ಗೀರೂ ಇರಲಿಲ್ಲ.

ಹಿರಿಯರ ಮನೆಯ ನಳದ ಹತ್ತಿರ ಆಕೆ ಮುಖ ತೊಳೆದುಕೊಂಡರು. ಹಸಿರು ಸೀರೆಯ ಸೆರಗನ್ನು ಮುಂದೆ ಎಳೆದು ಬೆನ್ನ ಮೇಲಿದ್ದ ಭಾಗವನ್ನು ನೋಡಿದರು. ಹಳಿಗಳ ನಡುವೆ ಸ್ಲೀಪರುಗಳ ಮೇಲೆ ಮಲಗಿದ್ದಕ್ಕೆ ಅಡ್ಡಡ್ಡವಾಗಿ ಕರಿ ಜಿಡ್ಡಿನ ಪಟ್ಟೆಗಳು ಮೂಡಿದ್ದವು. ಆಕೆ ಅವನ್ನು ಬೆರಳಿನಿಂದ ಸವರುತ್ತಾ ನಿಂತುಬಿಟ್ಟರು.

"ಈ ಕಲಿ ನನಗ ಗೊತ್ತದ ಸರ. ಐತವಾರ ರಾಯಚೂರಿಗೆ ಹೋಗಿ ಬಂದಾಗೆಲ್ಲ ಅವರ ಬಿಳಿ ಅಂಗಿ ಬೆನ್ನಿನ ಮ್ಯಾಲ ಹಿಂಗ ಇರ್ತಿತ್ತು. ಹತ್ತಿ ಮಿಲ್ಲಿನ ಬಾಗಲಕ್ಕ ಆತುಕೊಂಡಿದ್ದೆ ಅಂತಿದ್ರು. ನಾ ಸೀಮೆಎಣ್ಣಿ ಹಚ್ಚಿ ತಿಕ್ಕಿ ತಿಕ್ಕಿ ಬೈತಿದ್ದೆ." ಜಿಡ್ಡು ಹತ್ತಿದ ಬೆರಳು ನೋಡಿಕೊಂಡು ಅಂದರು, "ಎಷ್ಟು ಸಲ ಗಾಡಿ ಕೆಳಗ ಹೋಗಿ ಮಲಗಿರಬೇಕು. ಒಂದ್ ಮಾತು ಹೇಳಲಿಲ್ಲ ನೋಡ್ರಿ ಈ ಮನಷ್ಯಾ."

ಅಳಲಿಲ್ಲ ಆಕೆ. ಮನೆಗೆ ತಡವಾಗಿ ಬಂದ ಗಂಡನ ಮೇಲೆ ಇರುವಂಥ ಸಿಟ್ಟು ಮುಖದಲ್ಲಿತ್ತು.

ಮುಂದಿನ ವಾರ ಇಬ್ಬರೂ ಬಸ್ಸಿನಲ್ಲಿ ದೇವದುರ್ಗಕ್ಕೆ ಹೋದೆವು. ಕಲ್ಮಲ ದಾಟಿದ ಮೇಲೆ ಆಕೆ ತೊಡೆಯ ಮೇಲಿನ ಚೀಲ ಹಿಡಿದೇ ನಿದ್ದೆ ಹೋದರು. ನಾನು ಕಿಟಕಿಯಿಂದ ನೋಡುತ್ತಾ, ಮನಸ್ಸಿನಲ್ಲೇ ಜಾಲಿ ಗಿಡಗಳ ಹಿಂದಿನ ಆ ತುದಿಗೆ ಮತ್ತೆ ಮತ್ತೆ ನಡೆದುಹೋಗಿ ಎಂಜಿನ್ ಇದೆಯೇ ಎಂದು ನೋಡಿ ಬರುತ್ತಿದ್ದೆ.

ಶಾಲೆಯಲ್ಲಿ ಪಟ್ಟಿಯ ವಿಷಯ ವಿವರಿಸಿದೆ. ಹೆಡ್ ಮಾಸ್ತರರು ಕನ್ನಡಕ ಏರಿಸಿ, ಇದು ಯಾವ ಪುಸ್ತಕದಲ್ಲಿದೆ ಎಂದು ಕೇಳಿದರು. ನಾನು ಡಬ್ಬಿಯನ್ನು ಬೋರಲು ಹಾಕಿ ಮತ್ತೆ ಆ ಪಟ್ಟಿಯನ್ನೇ ತೋರಿಸಿದೆ.

"ಪುಸ್ತಕದಾಗ ಯಾಕ್ರಿ," ಅಂದರು ಆಕೆ. "ನಾ ಅದರ ಕೆಳಗ ಮಲಗಿ ನೋಡೀನಿ. ಅವರೂ ಮಲಗಿದ್ರು."

ಹೆಡ್ ಮಾಸ್ತರರು ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಅವರು ಬಿಳಿ ರಟ್ಟಿನ ಮೇಲೆ ಮಾಸ್ತರರ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದರು. ಆಕೆ ಅದನ್ನು ಒಂದೊಂದೇ ಅಕ್ಷರವಾಗಿ ಓದಿ, ಆರೂ ಡಬ್ಬಿಗಳ ಗಾಲಿಗಳನ್ನು ಹಲಗೆಗೆ ಅಂಟಿಸಿಬಿಡಲು ಹೇಳಿದರು. ಮಕ್ಕಳು ಎತ್ತಿ ನೋಡಿದರೆ ಚೆಂದವಲ್ಲವೇ ಎಂದು ಹೆಡ್ ಮಾಸ್ತರರು ಕೇಳಿದ್ದಕ್ಕೆ ಬೇಡವೆಂದರು. ಅಂಟು ಒಣಗುವವರೆಗೂ ಅಲ್ಲೇ ಕೂತಿದ್ದು, ಒಂದೊಂದು ಡಬ್ಬಿಯನ್ನೂ ತಾವೇ ಅಲುಗಾಡಿಸಿ ನೋಡಿದರು. ಯಾವುದೂ ಅಲುಗಲಿಲ್ಲ.