ಅಜ್ಜನ ಕಟ್ಟಿಗೆ ಹಚ್ಚಿದ ಎಣ್ಣೆ

ಹೊರ್ತಿಯ ಚನ್ನವ್ವನಿಗೆ ಚೇಳೆಂದರೆ ಲೆಕ್ಕಕ್ಕಿಲ್ಲ. ಇಕ್ಕಳದಲ್ಲಿ ಹಿಡಿದು ಹಿತ್ತಿಲಾಚೆ ಒಗೆದು, ಕೈ ತೊಳೆದು, ಮತ್ತೆ ರೊಟ್ಟಿ ಬಡಿಯಲು ಕೂಡುವ ಹೆಂಗಸು ಅವಳು. ಕೈತಪ್ಪಿ ಓಡಿದ ಹೋರಿಯನ್ನು ಓಣಿಯ ನಡುವೆ ಒಬ್ಬಳೇ ನಿಲ್ಲಿಸಿದ್ದನ್ನು ಕಂಡವರು ಇನ್ನೂ ಇದ್ದಾರೆ. ಇಂಥ ಗಟ್ಟಿಗಿತ್ತಿಗೆ ಒಂದು ಹೆದರಿಕೆ ಮಾತ್ರ ಹುಟ್ಟಿನಿಂದ ಬಂದಿತ್ತು: ನಾಲ್ಕು ಮಂದಿ ಏನಂದಾರು ಅನ್ನುವುದು. ಈ ರೋಗ ದೊಡ್ಡ ಮನೆಗಳಲ್ಲಿ ಜಾಸ್ತಿ, ಯಾಕೆಂದರೆ ಆ ನಾಲ್ಕು ಮಂದಿ ಅಲ್ಲಿಗೆ ದಿನಾ ಚಹಾಕ್ಕೆ ಬರುತ್ತಾರೆ.

ಚನ್ನವ್ವ ಕೃಷ್ಣೆಯ ದಂಡೆಯ ತಂಗಡಗಿಯವಳು. ಮದುವೆಯಾಗಿ ಈ ಬಿಸಿಲೂರಿಗೆ ಬಂದಾಗ ಅತ್ತೆ ಮೊದಲು ತೋರಿಸಿದ್ದು ಅಡುಗೆಮನೆಯನ್ನಲ್ಲ, ದೇವರ ಜಗುಲಿಯನ್ನು. ಅಲ್ಲಿ ಕೆಂಪು ಅರಿವೆಯಲ್ಲಿ ಸುತ್ತಿದ ತಾಳೆಗರಿಯ ಕಟ್ಟೊಂದು ಇತ್ತು. ಮನೆಯವರು ಅದನ್ನು ಅಜ್ಜ ಎಂದೇ ಕರೆಯುತ್ತಿದ್ದರು. ಎಷ್ಟೋ ತಲೆಮಾರಿನ ಹಿಂದೆ ಈ ವಂಶದ ಹಿರಿಯನೊಬ್ಬ ತನ್ನ ಕೈಯಾರೆ ಬರೆದದ್ದಂತೆ. ಏನು ಬರೆದ, ಅವನ ಹೆಸರೇನು, ಒಬ್ಬರಿಗೂ ತಿಳಿಯದು. ಓದಬಲ್ಲವರು ಮನೆಗೆ ಬರುವ ತನಕ ಕಟ್ಟಿನ ದಾರ ಬಿಚ್ಚಬಾರದು ಎಂಬ ಕಟ್ಟಳೆ ಇತ್ತು, ಮತ್ತು ಓದಬಲ್ಲವರು ಬಂದೇ ಇರಲಿಲ್ಲ.

ಆ ಹೆಸರಿಗಾಗಿ ಓಣಿಯಲ್ಲಿ ಒಂದು ಜಗಳ ಮಾತ್ರ ಚೆನ್ನಾಗಿ ಬೆಳೆದಿತ್ತು. ಓಣಿಯ ಆ ತುದಿಯ ಬಸವಂತರಾಯ, ಪಾಲಾಗಿ ಹೋದ ಅಣ್ಣತಮ್ಮಂದಿರ ಮನೆಯವನು, ಬರೆದಾತ ತಮ್ಮ ಪಾಲಿನ ಅಜ್ಜ, ಕಟ್ಟನ್ನು ಇವರು ಸುಮ್ಮನೆ ಇಟ್ಟುಕೊಂಡು ಕೂತಿದ್ದಾರೆ ಅನ್ನುತ್ತಿದ್ದ. ಚನ್ನವ್ವನ ಗಂಡ ಶ್ರೀಶೈಲಪ್ಪ, ಹೊಲಮನೆಯ ಜೊತೆಗೆ ಬೀಜ-ಗೊಬ್ಬರದ ಅಂಗಡಿ ಇಟ್ಟವನು, ದನಿ ಸ್ವಲ್ಪ ಜೋರು. "ಬರದಾಂವ ಕಡೀ ಗರಿಯೊಳಗ ತನ್ನ ಹೆಸರ ಹಾಕಿರ್ತಾನ. ಬಿಚ್ಚಿದ ದಿನಾ ಬಾ, ತೋರಸ್ತೇನಿ" ಎಂದು ಅಂಗಡಿಯ ಕಟ್ಟೆಯಿಂದಲೇ ಸವಾಲು ಹಾಕುತ್ತಿದ್ದ. ಹೆಸರು ಸಿಕ್ಕರೆ ಅಜ್ಜ ಯಾರ ಅಜ್ಜ ಎಂಬುದು ತೀರ್ಮಾನವಾಗುತ್ತದೆ ಎಂದು ಎರಡೂ ಮನೆಯವರು ನಂಬಿದ್ದರು.

ಶ್ರಾವಣದ ಕಡೇ ಸೋಮವಾರ ಅರಿವೆ ಬಿಚ್ಚಿ, ದಾರ ಮುಟ್ಟದೆ, ಮೇಲಿನ ಹಲಗೆಗೂ ಗರಿಗಳ ಅಂಚಿಗೂ ಎಣ್ಣೆ ಸವರುವುದು ಮನೆಯ ಪದ್ಧತಿ. "ಅಜ್ಜನ ಮೈ ಒಣಗಗೊಡಬ್ಯಾಡ" ಎಂದು ಅತ್ತೆ ಹೇಳಿದ್ದಳು. ಅತ್ತೆಯ ಕಾಲದಲ್ಲಿ ಸೊಲ್ಲಾಪುರದ ಕಡೆಯಿಂದ ಒಬ್ಬ ಮುದುಕ ನಿಂಬೆ ವಾಸನೆಯ ಹುಲ್ಲಿನ ಎಣ್ಣೆ ತರುತ್ತಿದ್ದ. ಅತ್ತೆ ತೀರಿಕೊಂಡಳು, ಆ ಮುದುಕನೂ ಬರುವುದು ಬಿಟ್ಟ. ಚನ್ನವ್ವ ಯೋಚನೆ ಮಾಡಿದಳು: ದೇವರಿಗೆ ಅಂಗಡಿಯ ಎಣ್ಣೆ ಯಾಕೆ, ಮನೆಯಲ್ಲಿ ನಮ್ಮದೇ ಹೊಲದ ಕುಸುಬಿ ಎಣ್ಣೆ ಇದೆಯಲ್ಲ. ಗಾಣದಿಂದ ಬಂದ ಹೊಸ ಎಣ್ಣೆಯನ್ನು ಮೊದಲು ಅಜ್ಜನಿಗೆ ತೆಗೆದಿಟ್ಟು ಆಮೇಲೆ ಒಗ್ಗರಣೆಗೆ ಮುಟ್ಟುತ್ತಿದ್ದಳು. ಕೈ ಬಿಗಿ ಹಿಡಿಯದೆ ಹಚ್ಚಿದಳು, ವರ್ಷಾವರ್ಷ ಹಚ್ಚಿದಳು. ಗರಿಗಳ ಅಂಚು ಮಿರಿಮಿರಿ ಮಿಂಚುವುದನ್ನು ಕಂಡು ಅವಳಿಗೆ ಒಳಗೊಳಗೇ ಹೆಮ್ಮೆ.

ಹೀಗಿರುವಾಗ ಸಿಂದಗಿಯಲ್ಲಿ ಹೈಸ್ಕೂಲು ಟೀಚರಾಗಿರುವ ಮಗಳು ವಿಜಯಲಕ್ಷ್ಮಿ ತಂದೆಯ ಮೊಬೈಲಿಗೆ ಒಂದು ಸುದ್ದಿ ಕಳಿಸಿದಳು. ವಿಶ್ವವಿದ್ಯಾಲಯದವರು ಜಿಲ್ಲೆಯ ಮನೆಮನೆಗಳಲ್ಲಿರುವ ತಾಳೆಗರಿ ಹುಡುಕುತ್ತಿದ್ದಾರೆ. ಮನೆಗೇ ಬಂದು, ಧೂಳು ತೆಗೆದು, ಒಂದೊಂದು ಗರಿಯ ಫೋಟೋ ಹಿಡಿದು, ಕಟ್ಟನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಆಮೇಲೆ ಅದನ್ನು ಯಾವ ಊರಿನ ವಿದ್ವಾಂಸರಾದರೂ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಓದಬಹುದು. ಶ್ರೀಶೈಲಪ್ಪ ಆ ಮೆಸೇಜನ್ನು ಗಿರಾಕಿಗಳಿಗೆಲ್ಲ ಓದಿ ಹೇಳಿದ. ಕೇಳದವರನ್ನು ಕರೆದು ಕೂರಿಸಿ ಹೇಳಿದ.

ಮಗಳು ಮನೆಯ ವಿಳಾಸ ಕಳಿಸಿದ ಎರಡು ವಾರಕ್ಕೆ ವಿಶ್ವವಿದ್ಯಾಲಯದಿಂದ ಫೋನು ಬಂತು. ಮಾತಾಡಿದವಳು ರಾಜಶ್ರೀ, ಬಸವನ ಬಾಗೇವಾಡಿಯ ಹುಡುಗಿ, ತಾಳೆಗರಿಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವವಳು. ಬರುವ ದಿನ ಗೊತ್ತುಮಾಡಿದ ಮೇಲೆ ಅವಳೆಂದಳು: "ಒಂದ ಮಾತ ಕಾಕಾರ. ನಾವು ಬರೂತನಾ ಕಟ್ಟಿಗೆ ಏನೂ ಹಚ್ಚಬ್ಯಾಡ್ರಿ. ಮುದ್ದೇಬಿಹಾಳದ ಕಡೆ ಒಂದ ಮನ್ಯಾಗ ಭಕ್ತಿಲೇ ಅಡಗಿ ಎಣ್ಣಿ ಹಚ್ಚಿ ಹಚ್ಚಿ ಗರಿ ಎಲ್ಲಾ ಒಂದಕ್ಕೊಂದು ಹತ್ತಿಬಿಟ್ಟಾವ. ಹಂಗ ಬಿಡಸಾಕ ಹೋದ್ರ ಅಕ್ಷರಾನ ಕಿತ್ತಕೊಂಡ ಬರ್ತಾವ್ರಿ."

"ಏ, ನಮ್ಮಲ್ಲಿ ಅಂಥಾದ್ದೇನಿಲ್ಲವಾ ತಂಗಿ" ಎಂದ ಶ್ರೀಶೈಲಪ್ಪ. "ನಮ್ಮಾಕಿ ಅಜ್ಜನ್ನ ಕಣ್ಣಾಗ ಎಣ್ಣಿ ಹಾಕ್ಕೊಂಡ ಕಾದಾಳ."

ಫೋನಿನ ಸ್ಪೀಕರು ಹಾಕಿತ್ತು. ಜೋಳ ಹಸನು ಮಾಡುತ್ತ ಕೂತಿದ್ದ ಚನ್ನವ್ವನ ಕೈ ಮೊರದಲ್ಲೇ ನಿಂತಿತು. ಕುಸುಬಿ ಎಣ್ಣೆಯ ಗುಣ ಇಂಡಿ ಸೀಮೆಯ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ತೊಳೆಯದೆ ಬಿಟ್ಟ ಪಾತ್ರೆಯ ಅಂಚಿಗೆ ಅದು ಅರಗಿನಂತೆ ಗಟ್ಟಿಯಾಗಿ ಕೂಡುತ್ತದೆ, ಬೂದಿ ಹಾಕಿ ತಿಕ್ಕಿದರೂ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಚನ್ನವ್ವ ಜೀವಮಾನವೆಲ್ಲ ಅಂಥ ಪಾತ್ರೆ ತಿಕ್ಕಿದವಳೇ. ಆದರೆ ಅಡುಗೆಮನೆಯಲ್ಲಿ ತಿಳಿದದ್ದು ಜಗುಲಿಯ ಮುಂದೆ ನೆನಪಾಗಿರಲಿಲ್ಲ. ಭಕ್ತಿಗೆ ಇದೊಂದು ಕೆಟ್ಟ ಚಾಳಿ, ಕೈ ಮುಗಿದ ಕೂಡಲೇ ಬುದ್ಧಿಯನ್ನು ಹೊರಗೆ ನಿಲ್ಲಿಸುತ್ತದೆ.

ಗಂಡ ಅಂಗಡಿಗೆ ಹೋದ ಮೇಲೆ ಅವಳು ಕಟ್ಟನ್ನು ಎತ್ತಿ ಅಲ್ಲಾಡಿಸಿದಳು. ಅತ್ತೆಯ ಕಾಲದಲ್ಲಿ ಎತ್ತಿದರೆ ಸಾಕು, ಒಳಗೆ ಗರಿಗಳು ಗಲಗಲ ಅನ್ನುತ್ತಿದ್ದವು. ಈಗ ಸದ್ದಿಲ್ಲ. ಇಟ್ಟಿಗೆಯಂತೆ ಗಪ್ಪನೆ ಕೂತಿತ್ತು. ಅಂಚಿಗೆ ಉಗುರು ಹಾಕಿದಳು. ಎರಡು ಗರಿಯ ನಡುವೆ ಉಗುರು ಇಳಿಯಲಿಲ್ಲ. ಅಜ್ಜ ತನ್ನ ಕೈಯಲ್ಲೇ ಸತ್ತ ಎಂದುಕೊಂಡಳು.

ಗಂಡನಿಗೆ ಹೇಳಬೇಕೆಂದು ಊಟದ ಹೊತ್ತಿಗೆ ದಿನಾ ಬಾಯಿ ತೆರೆಯುತ್ತಿದ್ದಳು. ಅಷ್ಟರಲ್ಲಿ ಅವನು, "ಬಸವಂತರಾಯಗ ಖುದ್ದ ಹೇಳಿಬಂದೇನಿ, ಮುಂದನ ಬಂದ ಕುಂಡ್ರು ಅಂತ" ಅನ್ನುತ್ತಿದ್ದ. ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಹೇಳಿದರೆ ಅವನು ಬೈದಾನೆಂಬ ಭಯ ಅವಳಿಗೆ ಇರಲಿಲ್ಲ, ಬೈಗುಳ ಅವಳಿಗೇನು ಹೊಸದಲ್ಲ. ತಂಗಡಗಿಯಿಂದ ಬಂದವಳು ಮನೆಯ ಹಿರಿಯನನ್ನು ಮಣ್ಣುಮಾಡಿದಳು ಎಂದು ಓಣಿ ತುಂಬ ಆಗುವ ಮಾತು, ತಾನು ಸತ್ತ ಮೇಲೂ ನಿಲ್ಲದ ಆ ಮಾತು, ಅವಳನ್ನು ತಿನ್ನುತ್ತಿತ್ತು.

ಒಂದು ಬೆಳಗ್ಗೆ ತವರಿಗೆ ಹೋಗಿ ಬರುತ್ತೇನೆಂದು ಹೇಳಿ ಕಟ್ಟನ್ನು ಚೀಲದಲ್ಲಿಟ್ಟು ಸೀರೆ ಮುಚ್ಚಿದಳು. ಹುಳ ಹಿಡಿದ ಹಳೆಯ ಗರಿಗಳನ್ನು ಅವಳ ಅಪ್ಪ ಕೈಮುಗಿದು ಹೊಳೆಗೆ ಬಿಡುತ್ತಿದ್ದುದನ್ನು ಚಿಕ್ಕಂದಿನಲ್ಲಿ ನೋಡಿದ್ದಳು. ಇದನ್ನೂ ಹಾಗೇ ಹೊಳೆಗೆ ಬಿಟ್ಟು, ಬಸ್ಸಿನಲ್ಲಿ ಚೀಲ ಕಳವಾಯಿತು ಎಂದು ಅತ್ತರಾಯಿತು ಎಂದುಕೊಂಡಳು. ರಸ್ತೆಬದಿಯ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದಾಗ ಝಳಕಿಯ ಕಡೆಯಿಂದ ವಿಜಯಪುರದ ಬಸ್ಸು ಬಂದು ನಿಂತಿತು. ಕಂಡಕ್ಟರು, "ಹತ್ತರೆವಾ ಲಗೂನ" ಎಂದ. ತೊಡೆಯ ಮೇಲಿನ ಚೀಲ ಮಲಗಿದ ಕೂಸಿನಷ್ಟು ಭಾರವಿತ್ತು. ಇದರೊಳಗೆ ಒಬ್ಬ ಮನುಷ್ಯನ ಹೆಸರಿದೆ, ಅದನ್ನು ಕಾಯಲು ಕೊಟ್ಟಿದ್ದರು ಎಂಬ ಯೋಚನೆ ಬಂದು ಅವಳು ಕೂತಲ್ಲೇ ಕೂತಳು. ಬಸ್ಸು ಹೋಯಿತು. ಮನೆಗೆ ಬಂದು ಕಟ್ಟನ್ನು ಜಗುಲಿಯ ಮೇಲಿಟ್ಟಳು, ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ರಾಜಶ್ರೀ ಬಂದ ದಿನ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿಳಿ ಅರಿವೆ ಹಾಸಿ, ಕುಂಚ, ತೆಳ್ಳನೆಯ ಬಿದಿರಿನ ಕಡ್ಡಿ, ಕ್ಯಾಮೆರಾ ಎಲ್ಲ ಹೊಂದಿಸಿಕೊಂಡು ಅವಳು ಕೇಳಿದಳು: "ಇದಕ್ಕ ಎಣ್ಣಿ ಏನರ ಹಚ್ಚೀರೇನ್ರಿ?"

ಶ್ರೀಶೈಲಪ್ಪನೇ ಉತ್ತರಿಸಿದ. "ವರ್ಷಕ್ಕೊಮ್ಮಿ ಹುಲ್ಲಿನ ಎಣ್ಣಿ. ನಮ್ಮವ್ವನ ಕಾಲದಿಂದ ನಡಕೊಂಡ ಬಂದೈತಿ." ಅವನು ಸುಳ್ಳು ಹೇಳಲಿಲ್ಲ, ಅವನಿಗೆ ಗೊತ್ತಿದ್ದದ್ದೇ ಅಷ್ಟು.

"ಹಂಗಾದ್ರ ಛಲೋ ಆತ್ರಿ" ಎಂದು ಅವಳು ದಾರ ಬಿಚ್ಚಿದಳು. ದಾರ ಬಿಚ್ಚಿದರೂ ಗರಿಗಳು ಹರಡಿಕೊಳ್ಳಲಿಲ್ಲ. "ಭಾಳ ಬಿರಸ ಆಗ್ಯಾವು" ಎಂದು ಸಡಿಲವಿರುವ ಜಾಗ ಹುಡುಕುತ್ತಿದ್ದಳು. ಅಷ್ಟರಲ್ಲಿ ಎದುರಿಗೆ ಕೂತಿದ್ದ ಬಸವಂತರಾಯ, "ಕಡೀ ಗರಿ ಮೊದಲ ತಗೀರಿ ಬಾಯಾರ, ಹೆಸರ ನೋಡೂನು. ಉಳದದ್ದು ಆಮ್ಯಾಲ" ಎಂದ. ಶ್ರೀಶೈಲಪ್ಪನೂ, "ಹೂಂ, ಅದನ್ನ ತಗೀರಿ, ಆಗಿಬಿಡ್ಲಿ" ಎಂದ. ರಾಜಶ್ರೀ ಕಟ್ಟನ್ನು ಮಗುಚಿದಳು. ಕಡೇ ಗರಿಯ ಕೆಳಗೆ ಕಡ್ಡಿಯ ತುದಿ ಇಟ್ಟಳು.

ಚನ್ನವ್ವ ಅಡುಗೆಮನೆಯ ಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತಿದ್ದಳು. ಈಗ ಹೇಳು, ಈಗ ಹೇಳು ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಕೂತವರ ಮುಖಗಳನ್ನೆಲ್ಲ ನೋಡಿದಳು, ಒಂದೊಂದೂ ನಾಳೆ ಏನೇನು ಆಡಬಹುದೆಂದು ಅವಳಿಗೆ ಕೇಳಿಸುತ್ತಿತ್ತು. ಗಂಡನ ಕಡೆ ನೋಡಿದಳು. ಅವನೂ ಅವಳನ್ನೇ ನೋಡುತ್ತಿದ್ದ. ಅವಳು ಕಣ್ಣು ಕೆಳಗೆ ಹಾಕಿದಳು. ಹಪ್ಪಳ ಮುರಿದಂಥ ಸದ್ದಾಯಿತು.

ಗರಿ ಚೂರುಚೂರಾಗಿ ಎದ್ದು ಬಂದಿತ್ತು. ರಾಜಶ್ರೀಯ ಮುಖ ಬಿಳಿಚಿತು. "ಹಳೇದೈತಿ, ಆಗತೈತಿ" ಎಂದರು ಯಾರೋ. ಅವಳು ತುಟಿ ಕಚ್ಚಿ, ಪಕ್ಕದ ಗರಿಯ ಕಡೆ ಕಡ್ಡಿ ಒಯ್ದಳು.

"ಯವ್ವಾ, ಕೈ ತಗೀ" ಎಂದಳು ಚನ್ನವ್ವ. ತಾಟನ್ನು ಹೊಸ್ತಿಲ ಮೇಲಿಟ್ಟಳು. "ಅದು ಹುಲ್ಲಿನ ಎಣ್ಣಿ ಅಲ್ಲ. ಅತ್ತಿ ಹ್ವಾದಾಗಿಂದ ನಾ ಕುಸುಬಿ ಎಣ್ಣಿ ಹಚ್ಚೇನಿ. ಎಲ್ಲಾ ಹತ್ತೈತಿ."

ರಾಜಶ್ರೀ ಬೆಂಕಿ ಮುಟ್ಟಿದವಳಂತೆ ಕೈ ಹಿಂತೆಗೆದುಕೊಂಡಳು. ಆಮೇಲೆ ನಿಧಾನವಾಗಿ ಹೇಳಿದಳು: "ಹೇಳಿದ್ದ ಪುಣ್ಯಾ ಬಂತ್ರಿ ಅವ್ವಾರ. ಯಾವ ಎಣ್ಣಿ ಅಂತ ಗೊತ್ತಾದ್ರ ಅದಕ್ಕ ತಕ್ಕ ಔಷಧ ಹಾಕಿ ಲ್ಯಾಬಿನ್ಯಾಗ ಒಂದೊಂದ ಬಿಡಸಬಹುದು. ಗೊತ್ತಿಲ್ಲದ ನಾ ಇವತ್ತ ಎಲ್ಲಾ ಹಾಳ ಮಾಡ್ತಿದ್ದೆ." ಅವಳು ಚೂರುಗಳನ್ನು ಕುಂಚದಿಂದ ಗುಡಿಸಿ ಕಾಗದದಲ್ಲಿ ಮಡಿಚಿಕೊಂಡು, ಕಟ್ಟನ್ನು ಪೆಟ್ಟಿಗೆಗೆ ಇಟ್ಟು ತೆಗೆದುಕೊಂಡು ಹೋದಳು.

ಚನ್ನವ್ವ ಮರುದಿನ ಬಾಗಿಲಿಗೆ ನೀರು ಹಾಕಲೂ ಹೊರಗೆ ಬರಲಿಲ್ಲ. ಆದರೆ ನಡೆದದ್ದು ಅವಳು ಹೆದರಿದ್ದಕ್ಕೆ ಪೂರಾ ಉಲ್ಟಾ. ಓಣಿಯ ಹೆಂಗಸರು ಬಂದು ಅವಳನ್ನು ಹೊಗಳಿದರು. ಅಷ್ಟು ಮಂದಿಯ ಎದುರಿಗೆ ತಪ್ಪು ಒಪ್ಪಿಕೊಳ್ಳಲು ಎಂಟೆದೆ ಬೇಕು ಎಂದರು. ಇಂಡಿಯ ವರದಿಗಾರನೊಬ್ಬ ಬಂದು ಫೋಟೋ ತೆಗೆದು, ಗೃಹಿಣಿಯ ಸಮಯಪ್ರಜ್ಞೆಯಿಂದ ಅಪರೂಪದ ತಾಳೆಗರಿ ಉಳಿಯಿತು ಎಂದು ಬರೆದ. ವಿಜಯಲಕ್ಷ್ಮಿ ಅದನ್ನು ಮೊಬೈಲಿನ ಎಲ್ಲ ಗುಂಪಿಗೂ ಕಳಿಸಿದಳು. ಹೊಗಳಿಕೆ ಹೆಚ್ಚಿದಷ್ಟೂ ಚನ್ನವ್ವ ಸೊರಗಿದಳು. ಆ ಹಪ್ಪಳ ಮುರಿದ ಸದ್ದು ರೊಟ್ಟಿ ಮುರಿದಾಗಲೂ ಅವಳಿಗೆ ಕೇಳಿಸುತ್ತಿತ್ತು, ಆ ಗರಿಯ ಚೂರುಗಳಿಂದ ಏನಾದರೂ ಓದಲು ಬರಲಿ ಎಂದು ಅವಳು ಯಾವ ದೇವರನ್ನೂ ಬಿಡದೆ ಬೇಡಿಕೊಂಡಳು.

ಬೇಸಿಗೆ ಮುಗಿದು ಮುಂಗಾರು ಬಿತ್ತನೆಯ ಹೊತ್ತಿಗೆ ರಾಜಶ್ರೀ ಕಟ್ಟನ್ನು ಮರಳಿ ತಂದಳು. ಗರಿಗಳು ಬಿಡಿಬಿಡಿಯಾಗಿದ್ದವು. ಅಲ್ಲಲ್ಲಿ ಅಂಚು ಹೋಗಿದ್ದರೂ ಬರಹ ಉಳಿದಿತ್ತು. ನೆಲದ ಬಣ್ಣ, ಗಿಡದ ವಾಲು, ಹುತ್ತದ ದಿಕ್ಕು ನೋಡಿ ಬಾವಿ ಎಲ್ಲಿ ತೋಡಬೇಕೆಂದು ಪದ್ಯದಲ್ಲಿ ಹೇಳುವ ಪುಸ್ತಕ. "ಇದರ ಇನ್ನೊಂದ ಪ್ರತಿ ಯಾವ ಗ್ರಂಥಾಲಯದ ಯಾದಿಯೊಳಗೂ ಸಿಗಲಿಲ್ರಿ ಕಾಕಾರ" ಎಂದಳು. ಕಡೇ ಗರಿಯ ಬಗ್ಗೆ ಕೇಳಿದಾಗ ದನಿ ಇಳಿಸಿದಳು. "ಚೂರು ಎಷ್ಟ ಜೋಡಿಸಿದ್ರೂ, 'ಇದನು ಬರೆದಾತ' ಅಂತ ಅಷ್ಟ ಓದಾಕ ಬಂತ್ರಿ. ಮುಂದ ಹೆಸರಿನ ಜಾಗ ಪುಡಿ ಆಗೇತಿ." ಗ್ರಂಥಾಲಯದ ದಾಖಲೆಯ ಹಾಳೆಯೊಂದನ್ನು ಕೊಟ್ಟು ಹೋದಳು. ಅದರಲ್ಲಿ ಊರಿನ ಹೆಸರಿತ್ತು, ಮನೆಯ ಹೆಸರಿತ್ತು. ಬರೆದವರು ಎಂಬುದರ ಮುಂದೆ 'ತಿಳಿದಿಲ್ಲ' ಎಂದಿತ್ತು.

ಅವಳು ಹೋದ ಮೇಲೆ ಗಂಡಹೆಂಡತಿ ಇಬ್ಬರೇ ಪಡಸಾಲೆಯಲ್ಲಿ ಉಳಿದರು. ಶ್ರೀಶೈಲಪ್ಪ ಹಾಳೆಯ ಆ ಒಂದು ಸಾಲನ್ನೇ ನೋಡುತ್ತಿದ್ದ. ಅವನ ಜೋರು ದನಿ ಎಲ್ಲೋ ಹೋಗಿತ್ತು. "ಇರ್ಲಿ ಬಿಡು. ನೀ ಆವತ್ತ ಬಾಯಿ ಬಿಡದಿದ್ರ ಇಷ್ಟೂ ಉಳೀತಿರಲಿಲ್ಲ" ಎಂದ.

ಚನ್ನವ್ವನಿಗೆ ಇನ್ನು ತಡೆಯಲಾಗಲಿಲ್ಲ. "ನನಗ ಮೊದಲ ಗೊತ್ತಿತ್ರೀ. ಆ ಹುಡುಗಿ ಫೋನ್ ಮಾಡಿದ ದಿನಾನ ಗೊತ್ತಾಗಿತ್ತು. ಕಡ್ಡಿ ಇಡೂದನ್ನ ಕಣ್ಣಾರೆ ನೋಡ್ಕೊಂತ ನಿಂತಿದ್ದೆ, ಹೇಳಲಿಲ್ಲ. ಮುರದ ಮ್ಯಾಲೆ ಹೇಳಿದೆ. ಅಜ್ಜನ ಹೆಸರ ನನ್ನಿಂದ ಹೋತು." ಹೇಳಿ ಮುಗಿಸಿ, ಸೆರಗು ಬಾಯಿಗಿಟ್ಟುಕೊಂಡು, ಬರಬೇಕಾದ್ದು ಬರಲಿ ಎಂದು ಕಾದಳು.

ಶ್ರೀಶೈಲಪ್ಪ ತಲೆ ಎತ್ತಲಿಲ್ಲ. ಹಾಳೆಯನ್ನು ಮಡಚಿದ, ಮತ್ತೆ ಬಿಚ್ಚಿದ.

"ಆಗ ನಾ ನಿನ್ನ ಮಾರೀನ ನೋಡಾಕತ್ತಿದ್ದೆ, ಚನ್ನಿ" ಎಂದ. "ಎಣ್ಣ್ಯಾಗ ಏನೋ ಆಗೇತಿ ಅಂತ ನನಗೂ ತಿಳೀತು. ಒಂದೀಟ ತಡೀವಾ ತಂಗಿ ಅಂತ ನಾ ಅಂದಿದ್ರ ಸಾಕಿತ್ತು, ಅನಲಿಲ್ಲ. ಬಸವಂತರಾಯ ಎದುರಿಗಿ ಕುಂತಿದ್ದ."